'ಗಮನವಿಲ್ಲ' ಎಂದು ಬರೆಯುವ ಮೊದಲು

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ವಾಚಕರ ಪುಟದಲ್ಲಿ ಹಿರಿಯರೊಬ್ಬರು ಬರೆದಿದ್ದರು. ಈಗಿನ ಮಕ್ಕಳಿಗೆ ಇಲ್ಲದ ಕಾಯಿಲೆಯ ಹೆಸರೆಲ್ಲ ಕಟ್ಟುತ್ತಾರೆ, ನಮ್ಮ ಕಾಲದಲ್ಲಿ ಎರಡೇಟು ಬಿದ್ದರೆ ಎಲ್ಲ ಸರಿಹೋಗುತ್ತಿತ್ತು ಅಂತ. ಓದಿ ಪೇಪರ್ ಮಡಚಿಟ್ಟೆ. ಆಮೇಲೆ ಮತ್ತೆ ತೆಗೆದೆ. ಉತ್ತರ ಬರೆಯದೆ ಇರಲಾಗಲಿಲ್ಲ, ಯಾಕಂದ್ರೆ ಆ ಎರಡೇಟು ಕೊಟ್ಟವರಲ್ಲಿ ನಾನೂ ಒಬ್ಬಳು. ತುಮಕೂರು ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ 33 ವರ್ಷ ಪಾಠ ಮಾಡಿ ನಿವೃತ್ತಳಾದವಳು. ಮಕ್ಕಳು ಸರಿಹೋಗುತ್ತಿದ್ದರು ಅಂತ ಅವರು ಹೇಳುತ್ತಾರಲ್ಲ, ಸರಿಹೋಗುತ್ತಿರಲಿಲ್ಲ. ಶಾಲೆ ಬಿಡುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದುಹಾಕಿದ ಮೇಲೆ ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ, ಅಷ್ಟೇ. ಈಗಂತೂ ಹೊಡೆಯುವುದು ಕಾನೂನಿಗೇ ವಿರುದ್ಧ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಆದರೆ ನಾನು ಬರೆಯಹೊರಟಿದ್ದು ಕಾನೂನಿನ ವಿಷಯ ಅಲ್ಲ.

ನನ್ನ ಮಗಳು, ಅಳಿಯ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಬಾಸ್ಟನ್ ಹತ್ತಿರ ಇದ್ದಾರೆ. ಹೋದ ವರ್ಷ ಐದೂವರೆ ತಿಂಗಳು ಅಲ್ಲಿದ್ದೆ. ಮೊಮ್ಮಗನಿಗೆ ಒಂಬತ್ತು ವರ್ಷ. ಆಟಿಸಂ ಇದೆ, ಜೊತೆಗೆ ವಿಪರೀತ ಆತಂಕ. ಮಾತು ಬರುತ್ತದೆ, ಲೆಕ್ಕ ನನಗಿಂತ ಬೇಗ ಮಾಡುತ್ತಾನೆ, ಬರೆಯಲು ಕೂರಿಸಿದರೆ ಮಾತ್ರ ಪೆನ್ಸಿಲ್ ಮುರಿದು ಎಸೆಯುತ್ತಿದ್ದ. ಮೊದಲು ಮನೆ ಹತ್ತಿರದ ಸರ್ಕಾರಿ ಶಾಲೆಗೇ ಹೋಗುತ್ತಿದ್ದ. ಕ್ಲಾಸಿಗೆ 24 ಮಕ್ಕಳು. ನಾನು 58 ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡವಳು, 24 ಅಂದರೆ ನನಗೆ ಹಬ್ಬ. ಅವನಿಗೆ ಅದೂ ತಡೆಯಲಾಗಲಿಲ್ಲ. ಗದ್ದಲ ಜಾಸ್ತಿಯಾದರೆ ಮೇಜಿನ ಕೆಳಗೆ ಸೇರಿಕೊಳ್ಳುತ್ತಿದ್ದ, ಇಲ್ಲವೇ ಬಾಗಿಲು ತೆಗೆದು ಓಡುತ್ತಿದ್ದ. ಮಗಳಿಗೆ ಆಫೀಸಿನಲ್ಲಿರುವಾಗ ವಾರಕ್ಕೆ ಮೂರು ಸಲ ಫೋನು: ಬಂದು ಕರೆದುಕೊಂಡು ಹೋಗಿ.

ಈಗ ಅವನು ಹೋಗುವುದು ಬೇರೆ ಶಾಲೆಗೆ. ಅಲ್ಲಿನವರು ಥೆರಪ್ಯೂಟಿಕ್ ಸ್ಕೂಲ್ ಅನ್ನುತ್ತಾರೆ. ಆಸ್ಪತ್ರೆ ಅಲ್ಲ, ಶಾಲೆಯೇ. ಆದರೆ ಪಾಠ ಎಷ್ಟು ಮುಖ್ಯವೋ ಮಗುವಿನ ಮನಸ್ಸಿನ ಸ್ಥಿತಿಯೂ ಅಷ್ಟೇ ಮುಖ್ಯ ಅಂತ ನಂಬಿ ನಡೆಸುವ ಶಾಲೆ. ಇಡೀ ಶಾಲೆಯಲ್ಲಿ 40 ಮಕ್ಕಳಿಲ್ಲ. ಅವನ ಕ್ಲಾಸಿನಲ್ಲಿ ಏಳು ಜನ, ಒಬ್ಬರು ಟೀಚರ್, ಇಬ್ಬರು ಸಹಾಯಕರು. ಮಾತಿನ ಥೆರಪಿಸ್ಟ್, ಕೈ ಮೈ ಹಿಡಿತ ಕಲಿಸುವ ಒ.ಟಿ. (ಆಕ್ಯುಪೇಷನಲ್ ಥೆರಪಿಸ್ಟ್), ಕೌನ್ಸೆಲರ್, ಎಲ್ಲರೂ ಅದೇ ಕಟ್ಟಡದಲ್ಲಿ ಸಿಗುತ್ತಾರೆ. ಮೊಮ್ಮಗನ ಸಲುವಾಗಿ ಶಾಲೆಯ ಹೆಸರು ಬರೆಯುವುದಿಲ್ಲ, ನನ್ನ ಹೆಸರನ್ನೂ ಹಾಕಬೇಡಿ.

ಅಲ್ಲಿ ಪ್ರತಿ ವರ್ಷ ಒಂದು ಮೀಟಿಂಗ್ ಇರುತ್ತದೆ. ಐಇಪಿ ಅನ್ನುತ್ತಾರೆ, ಅಂದರೆ ಆ ಒಂದು ಮಗುವಿಗಾಗಿಯೇ ಬರೆಯುವ ಶಿಕ್ಷಣದ ಯೋಜನೆ. 1975ರ ನವೆಂಬರ್ 29ರಂದು ಅಧ್ಯಕ್ಷ ಫೋರ್ಡ್ ಸಹಿ ಹಾಕಿದ, ಅಂಗವಿಕಲ ಮಕ್ಕಳ ಶಿಕ್ಷಣದ ಕಾಯ್ದೆಯಿಂದ ಬಂದಿದ್ದು. ಮ್ಯಾಸಚೂಸೆಟ್ಸ್ ಅದಕ್ಕಿಂತ ಮೂರು ವರ್ಷ ಮೊದಲೇ, 1972ರಲ್ಲೇ, ಇಂಥದ್ದೊಂದು ಕಾನೂನು ಮಾಡಿಕೊಂಡಿತ್ತು. ತಂದೆ ತಾಯಿ ಆ ಮೀಟಿಂಗಿನ ಸದಸ್ಯರು, ಅತಿಥಿಗಳಲ್ಲ. ಮಗುವನ್ನು ಬಲ್ಲ ಇನ್ನೊಬ್ಬರನ್ನು ಕರೆತರುವ ಹಕ್ಕೂ ಅವರಿಗಿದೆ. ಮಗಳು ನನ್ನನ್ನು ಕರೆದುಕೊಂಡು ಹೋದಳು.

ಸೀರೆ ಉಟ್ಟು, ಮೇಲೆ ಅಳಿಯನ ದಪ್ಪ ಜಾಕೆಟ್ ಹಾಕಿಕೊಂಡು, ಮೂಲೆಯಲ್ಲಿ ಕೂತೆ. ಬಾಯಿ ಬಿಡಬಾರದು ಅಂತ ತೀರ್ಮಾನ ಮಾಡಿಕೊಂಡೇ ಹೋಗಿದ್ದೆ. ಮೊದಲ ಹತ್ತು ಹದಿನೈದು ನಿಮಿಷ ಅವನಿಗೆ ಏನು ಬರುತ್ತದೆ ಅನ್ನುವುದೇ ಮಾತು. ಏನು ಬರುವುದಿಲ್ಲ ಅನ್ನುವುದು ಆಮೇಲೆ. ಇದು ಬರೀ ನಯ ನಾಜೂಕು ಅಂದುಕೊಂಡೆ ಮೊದಲು. ಆಮೇಲೆ ಅಲ್ಲಿದ್ದವರೊಬ್ಬರು, ಶಾಲೆಯ ಖರ್ಚು ಕೊಡುವ ಊರಿನ ಶಿಕ್ಷಣ ಇಲಾಖೆಯಿಂದ ಬಂದವರು, "ಅವನಿಗೆ ಗಮನ ಕಮ್ಮಿ ಅಂತ ಹಾಕೋಣವಾ?" ಅಂದರು.

ಟೀಚರ್ ತಲೆ ಅಲ್ಲಾಡಿಸಿದರು. ಚಿಕ್ಕ ಹುಡುಗಿ, ಮೂವತ್ತೂ ಆಗಿರಲಿಕ್ಕಿಲ್ಲ. ಯಾವ ಪಾಠದಲ್ಲಿ ಕಮ್ಮಿ, ಎಷ್ಟು ಹೊತ್ತು ಕೂರುತ್ತಾನೆ, ಎದ್ದು ಹೋಗುವ ಮೊದಲು ಏನಾಗಿತ್ತು, ಅದನ್ನು ಬರೆಯೋಣ ಅಂದಳು. ಅವಳ ಹತ್ತಿರ ಒಂದು ನೋಟ್‌ಬುಕ್ ಇತ್ತು. ಲೆಕ್ಕ ಮಾಡುವಾಗ 22 ನಿಮಿಷ ಕೂರುತ್ತಾನೆ. ಪೆನ್ಸಿಲ್‌ನಲ್ಲಿ ಬರೆಯುವಾಗ 4 ನಿಮಿಷ. ಅದೇ ಬರವಣಿಗೆಯನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಲು ಕೊಟ್ಟರೆ 11 ನಿಮಿಷ. ಪಕ್ಕದಲ್ಲಿ ಯಾರಾದರೂ ಕುರ್ಚಿ ಎಳೆದರೆ ಅಲ್ಲಿಗೆ ಮುಗಿಯಿತು. ಹಾಗಾಗಿ ಯೋಜನೆಯಲ್ಲಿ ಬರೆದಿದ್ದು ಹೀಗೆ: ಒಂದು ವರ್ಷದಲ್ಲಿ, ನಡುವೆ ಒಂದು ಬಿಡುವು ಕೊಟ್ಟರೆ, ಮೂರು ಪೂರ್ತಿ ವಾಕ್ಯ ಟೈಪ್ ಮಾಡುತ್ತಾನೆ, ಐದು ಸಲದಲ್ಲಿ ನಾಲ್ಕು ಸಲವಾದರೂ. ಯಾರು ಕಲಿಸುತ್ತಾರೆ, ವಾರಕ್ಕೆ ಎಷ್ಟು ನಿಮಿಷ, ಎಲ್ಲ ಪಕ್ಕದಲ್ಲೇ.

ಮೂಲೆಯಲ್ಲಿ ಕೂತ ನನಗೆ ಜಾಕೆಟ್ ಒಳಗೂ ಚಳಿ ಹತ್ತಿತು. 33 ವರ್ಷದಲ್ಲಿ ನಾನು ಎಷ್ಟು ಪ್ರಗತಿ ಪತ್ರದಲ್ಲಿ 'ಗಮನವಿಲ್ಲ' ಅಂತ ಬರೆದಿರಬಹುದು! ಬೇರೆ ಮಾತೇ ಹೊಳೆಯುತ್ತಿರಲಿಲ್ಲ. ಗಮನವಿಲ್ಲ. ಇನ್ನೂ ಶ್ರಮ ಪಡಬೇಕು. ಗಮನವಿಲ್ಲ. ಹುಡುಗಿಯಾದರೆ 'ಮಾತು ಜಾಸ್ತಿ'. ಒಂದೇ ಹುಡುಗನಿಗೆ ಮೂರು ವರ್ಷ ಸಾಲಾಗಿ ಅದನ್ನೇ ಬರೆದಿದ್ದೇನೆ. ಅವನು ಆರನೇ ಕ್ಲಾಸಿಗೆ ಶಾಲೆ ಬಿಟ್ಟ. ಈಗ ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡುತ್ತಾನೆ, ಕ್ವಿಂಟಲ್ ಲೆಕ್ಕ, ಕಮಿಷನ್ ಲೆಕ್ಕ ಎಲ್ಲ ಬಾಯಲ್ಲೇ. ವಾಟ್ಸ್ಆಪ್‌ನಲ್ಲಿ ಬಂದ ಎರಡು ಸಾಲನ್ನು ಮಾತ್ರ ಮಗಳ ಕೈಲಿ ಓದಿಸಿಕೊಳ್ಳುತ್ತಾನೆ. ಸಿಕ್ಕಾಗಲೆಲ್ಲ ಟೀಚರ್ ಅಂತ ಕಾಲಿಗೆ ಬೀಳಲು ಬರುತ್ತಾನೆ, ನನಗೆ ಹಿಂದೆ ಸರಿಯುವಂತಾಗುತ್ತದೆ. ಅವನಿಗೆ ಗಮನ ಇರಲಿಲ್ಲವೇ? ಅಕ್ಷರ ಅವನ ಕಣ್ಣಲ್ಲಿ ನಿಲ್ಲುತ್ತಿರಲಿಲ್ಲ, ಅಷ್ಟೇ ಇರಬೇಕು. ನಾನು ಒಂದು ದಿನವೂ ಹತ್ತಿರ ಕೂತು ನೋಡಲಿಲ್ಲ, ಹಾಗಾಗಿ ಅದನ್ನೂ ಖಾತ್ರಿಯಾಗಿ ಹೇಳಲಾರೆ.

ಶಾಲೆಯೊಳಗೆ ಒಂದು ಪೂರ್ತಿ ಬೆಳಗ್ಗೆ ಇರಲು ಬಿಟ್ಟರು. ಮಕ್ಕಳು ಬಂದ ಕೂಡಲೇ ಗೋಡೆಯ ಮೇಲಿನ ಬಣ್ಣದ ಪಟ್ಟಿಯಲ್ಲಿ ತಮ್ಮ ಹೆಸರಿನ ಚೀಟಿ ಅಂಟಿಸುತ್ತಾರೆ. ಸುಸ್ತು, ಬೇಜಾರು ಇದ್ದರೆ ನೀಲಿ. ಸಮಾಧಾನವಾಗಿದ್ದರೆ ಹಸಿರು. ತಳಮಳ ಶುರುವಾದರೆ ಹಳದಿ. ಕೈ ಮೀರಿದರೆ ಕೆಂಪು. ಯಾವುದಕ್ಕೂ ಬೈಗುಳ ಇಲ್ಲ, ಬಹುಮಾನವೂ ಇಲ್ಲ. ಅವತ್ತು ಒಬ್ಬ ಹುಡುಗ ಹಳದಿಗೆ ಅಂಟಿಸಿದ. ಸಹಾಯಕಿ ಏನೂ ಕೇಳದೆ ಅವನನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಹತ್ತು ನಿಮಿಷ ಉಯ್ಯಾಲೆ ತೂಗಿಸಿ ಕರೆತಂದಳು. ಆಮೇಲೆ ಅವನು ಪಾಠಕ್ಕೆ ಕೂತ. ಪಾಠ ಅಂದರೆ ಒಂದೇ ಪಾಠ ಅಲ್ಲ, ಏಳು ಮಕ್ಕಳ ಮುಂದೆ ಏಳು ಬೇರೆ ಹಾಳೆ. ನನ್ನ ಮೊಮ್ಮಗನಿಗೆ ಲೆಕ್ಕ ಐದನೇ ಕ್ಲಾಸಿನದು, ಬರವಣಿಗೆ ಎರಡನೇ ಕ್ಲಾಸಿನದು. ಅವನಿಗೆ ಬಾಸ್ಟನ್ನಿನ ಮೆಟ್ರೊ ಅಂದರೆ ಪ್ರಾಣ, ಕೆಂಪು ಲೈನು, ಹಸಿರು ಲೈನು, ಯಾವ ಸ್ಟೇಷನ್ ಆದ ಮೇಲೆ ಯಾವುದು, ಎಲ್ಲ ಬಾಯಿಪಾಠ. ಹಾಗಾಗಿ ಅವನ ಬರವಣಿಗೆ ಪಾಠವೆಂದರೆ ಸ್ಟೇಷನ್ ಹೆಸರು ಟೈಪ್ ಮಾಡುವುದು, ಆಮೇಲೆ ಆ ಸ್ಟೇಷನ್ನಿನಲ್ಲಿ ಯಾರು ಇಳಿದರು, ಎಲ್ಲಿಗೆ ಹೋದರು ಅಂತ ಒಂದು ಸಾಲು.

ಮೊಮ್ಮಗ ಕಿರುಚಿದ್ದನ್ನೂ ನೋಡಿದೆ. ಕಾರಣ ಸಣ್ಣದು, ಹೊರಗೆ ಆಡಲು ಹೋಗುವ ಹೊತ್ತಿಗೆ ಮಳೆ ಬಂತು. ನೆಲದ ಮೇಲೆ ಬಿದ್ದು ಹೊರಳಿದ. ನಾನು ಎದ್ದೇಬಿಟ್ಟೆ. ಕೌನ್ಸೆಲರ್ ಕೈ ಸನ್ನೆ ಮಾಡಿ ನನ್ನನ್ನು ಕೂರಿಸಿದರು. ಅವನಿಂದ ಎರಡು ಮಾರು ದೂರದಲ್ಲಿ ತಾವೂ ನೆಲದ ಮೇಲೆ ಕೂತರು. ಮಾತಿಲ್ಲ. ಮುಟ್ಟಲಿಲ್ಲ. ಲೈಟು ಆರಿಸಿದರು. ಕಾಲು ಗಂಟೆ ಆಯಿತು. ನನಗೆ ಅದು ಒಂದು ಯುಗ. ಪೂರ್ತಿ ತಣ್ಣಗಾಗಿ, ತಿಂಡಿ ತಿಂದ ಮೇಲೆ ಅವನ ಜೊತೆ ಒಂದು ಚಿತ್ರಕಥೆ ಬರೆದರು. ಕಡ್ಡಿ ಮನುಷ್ಯರು, ತಲೆ ಮೇಲೆ ಮೋಡದಂಥ ಗುಳ್ಳೆ. ಮಳೆ ಬಂದಾಗ ನಿನ್ನ ಗುಳ್ಳೆಯಲ್ಲಿ ಏನಿತ್ತು? ಟೀಚರ್ ಗುಳ್ಳೆಯಲ್ಲಿ ಏನಿತ್ತು? ಟೀಚರಿಗೂ ಬೇಜಾರಾಗಿತ್ತು ಅಂತ ತಿಳಿದು ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ಕಿರುಚುವಾಗ ಬುದ್ಧಿ ಹೇಳಿದರೆ ಕಿವಿಗೆ ಹೋಗುವುದಿಲ್ಲ ಅಂತ ಕೌನ್ಸೆಲರ್ ಆಮೇಲೆ ಹೇಳಿದರು. ಹೌದಲ್ವಾ, ನಮಗೇ ಸಿಟ್ಟು ಬಂದಾಗ ಹೋಗುತ್ತದಾ?

ಕನ್ನಡದ ವಿಷಯವನ್ನು ಇಲ್ಲಿ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಹೊರದೇಶದಲ್ಲಿರುವ, ಬೆಂಗಳೂರಿನಲ್ಲೂ ಇರುವ, ಎಷ್ಟೋ ಮನೆಗಳಿಗೆ ಇದು ಉಪಯೋಗಕ್ಕೆ ಬರಬಹುದು. ಅವನಿಗೆ ಮೂರು ವರ್ಷ ಇದ್ದಾಗ, ಮಾತು ತಡವಾಯಿತು ಅಂತ ಪರೀಕ್ಷೆ ಮಾಡಿದ ಕಡೆ ಒಬ್ಬರು ಮಗಳಿಗೆ ಹೇಳಿದ್ದರು: ಮನೆಯಲ್ಲಿ ಒಂದೇ ಭಾಷೆ ಆಡಿ, ಎರಡು ಭಾಷೆಯಾದರೆ ಇಂಥ ಮಕ್ಕಳಿಗೆ ಗೊಂದಲ. ಅವತ್ತಿನಿಂದ ಮನೆಯಲ್ಲಿ ಕನ್ನಡ ನಿಂತಿತು. ಮಗಳು ತನ್ನ ಮಗನಿಗೆ ಲಾಲಿ ಕೂಡ ಹಾಡಲಿಲ್ಲ. ಫೋನಿನಲ್ಲಿ ನಾನು "ಏನೋ ಮರಿ, ಊಟ ಆಯ್ತಾ" ಅಂದರೆ ಅವನು ಪರದೆ ಬಿಟ್ಟು ಹೋಗುತ್ತಿದ್ದ, ನನ್ನ ಹರುಕು ಮುರುಕು ಇಂಗ್ಲಿಷಿಗೆ ಅವನು ಯಾಕೆ ಕಾಯಬೇಕು ಹೇಳಿ. ಐದು ವರ್ಷ ಹೀಗೆ ಹೋಯಿತು. ಈ ಸಣ್ಣ ಶಾಲೆಗೆ ಸೇರಿದ ಮೇಲೆ ಮಾತಿನ ಥೆರಪಿಸ್ಟ್ ಕೇಳಿದ ಮೊದಲ ಪ್ರಶ್ನೆ, ಮನೆಯಲ್ಲಿ ನಿಮ್ಮ ಭಾಷೆ ಯಾವುದು? ವಿಷಯ ತಿಳಿದು ಆಕೆ ತಲೆ ಚಚ್ಚಿಕೊಂಡರಂತೆ. ಎರಡು ಭಾಷೆ ಕೇಳಿದರೆ ಆಟಿಸಂ ಇರುವ ಮಕ್ಕಳ ಮಾತಿಗೆ ಹಾನಿ ಅಂತ ಯಾವ ಅಧ್ಯಯನವೂ ತೋರಿಸಿಲ್ಲ, ನಿಮ್ಮ ಭಾಷೆಯಲ್ಲೇ ಮಾತಾಡಿ, ಅಜ್ಜಿಯ ಜೊತೆ ಮಾತಾಡಿಸಿ ಅಂದರಂತೆ.

ಅಷ್ಟೇ ಅಲ್ಲ, ಅದನ್ನು ಮನೆಪಾಠ ಮಾಡಿಬಿಟ್ಟರು. ಒಂದು ಪ್ರಶ್ನೆ ನೀನು ಕೇಳು, ಒಂದು ಅಜ್ಜಿ ಕೇಳಲಿ. ಸರದಿ ತಪ್ಪಬಾರದು. ಅವನಿಗೆ ಇರುವ ಹುಚ್ಚು ರೈಲು. ನನ್ನ ಊರಲ್ಲೂ ರೈಲು ಸ್ಟೇಷನ್ ಇದೆಯಲ್ಲ! ಹಾಗಾಗಿ ಈಗ ಪ್ರತಿ ಭಾನುವಾರ ನಮ್ಮ ಮಾತು ಹೀಗೆ. "ಅಜ್ಜಿ, ತುಮಕೂರು ಆದ್ಮೇಲೆ?" "ಗುಬ್ಬಿ. ನೀನೇನು ತಿಂದೆ?" "ದೋಸೆ. ಗುಬ್ಬಿ ಆದ್ಮೇಲೆ?" "ನಿಟ್ಟೂರು. ಚಟ್ನಿ ಇತ್ತಾ?" ಅರಸೀಕೆರೆ ಬರುವ ಹೊತ್ತಿಗೆ ಅವನ ಇಡೀ ದಿನದ ಸುದ್ದಿ ನನಗೆ ಸಿಕ್ಕಿರುತ್ತದೆ. ಗುಬ್ಬಿ ಅಂದರೆ ಹಕ್ಕಿ ಅಂತ ಗೊತ್ತಾದ ದಿನ ಅರ್ಧ ಗಂಟೆ ನಕ್ಕಿದ್ದಾನೆ.

ಹಾಗಂತ ಅಮೆರಿಕ ಸ್ವರ್ಗ ಅಂತ ಬರೆಯಲು ನಾನು ಕೂತಿಲ್ಲ. ಆ ಶಾಲೆಯ ಸೀಟು ಸುಮ್ನೆ ಸಿಕ್ಕಿದ್ದಲ್ಲ. ಹಳೆಯ ಶಾಲೆಯವರು ನಾವೇ ನೋಡಿಕೊಳ್ಳುತ್ತೇವೆ ಅಂತ ಹೇಳುತ್ತಲೇ ಇದ್ದರು, ಮಗಳು ಒಂದೂವರೆ ವರ್ಷ ಪತ್ರ ಬರೆದೂ ಬರೆದೂ, ಕೊನೆಗೆ ವಕೀಲರ ಕೈಲಿ ಬರೆಸಿದ ಮೇಲೆ ಒಪ್ಪಿದರು. ಖರ್ಚು ಊರಿನ ತೆರಿಗೆ ದುಡ್ಡಿನಿಂದ, ನಮ್ಮ ರೂಪಾಯಿ ಲೆಕ್ಕದಲ್ಲಿ ವರ್ಷಕ್ಕೆ ಹತ್ತಾರು ಲಕ್ಷ. ಇಂಗ್ಲಿಷ್ ಬಾರದ, ಎರಡೆರಡು ಕಡೆ ದುಡಿಯುವ ತಾಯಂದಿರು ಅಷ್ಟು ಹೋರಾಡಲು ಎಲ್ಲಿಂದ ಪುರುಸೊತ್ತು ತರುತ್ತಾರೆ? ಅದೇ ರಾಜ್ಯದಲ್ಲಿ, ವರ್ತನೆ ತಿದ್ದಲು ಅಂತ ಇಂಥ ಮಕ್ಕಳ, ದೊಡ್ಡವರ ಚರ್ಮಕ್ಕೆ ಕರೆಂಟ್ ಶಾಕ್ ಕೊಡುವ ಸಾಧನ ಬಳಸುತ್ತ ಬಂದ ಸಂಸ್ಥೆಯೂ ಒಂದಿದೆ. ಔಷಧ, ವೈದ್ಯಕೀಯ ಸಾಧನಗಳ ಮೇಲೆ ಕಣ್ಣಿಡುವ ಅಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಡಿಎ 2020ರಲ್ಲಿ ಆ ಸಾಧನವನ್ನು ನಿಷೇಧಿಸಿತು, 2021ರಲ್ಲಿ ಕೋರ್ಟ್ ಆ ನಿಷೇಧವನ್ನೇ ರದ್ದು ಮಾಡಿತು. ಇನ್ನು, ಅಲ್ಲಿನ ಕೇಂದ್ರದ ಶಿಕ್ಷಣ ಇಲಾಖೆಯನ್ನೇ ಮುಚ್ಚುವತ್ತ ಹೆಜ್ಜೆ ಇಡುವ ಆದೇಶಕ್ಕೆ 2025ರ ಮಾರ್ಚ್‌ನಲ್ಲಿ ಸಹಿ ಬಿದ್ದಾಗಿದೆ, ಮಗಳಿಗೆ ರಾತ್ರಿ ನಿದ್ದೆ ಇಲ್ಲ. ನನ್ನ ಕಣ್ಣಿಗೆ ಬಿದ್ದ ಇನ್ನೊಂದು ಕೊರತೆ: ವ್ಯಾನು ಬಂದು ಅವನನ್ನು ದೂರದ ಶಾಲೆಗೆ ಕರೆದೊಯ್ಯುತ್ತದೆ, ಸಂಜೆ ತಂದು ಬಿಡುತ್ತದೆ. ಪಕ್ಕದ ಮನೆ ಮಕ್ಕಳಿಗೆ ಅವನ ಹೆಸರೇ ಗೊತ್ತಿಲ್ಲ. ನಮ್ಮೂರಲ್ಲಿ ಇಂಥ ಹುಡುಗನನ್ನು ಬೀದಿಗೆ ಬೀದಿಯೇ ಬಲ್ಲದು, ಅಡ್ಡಹೆಸರು ಇಟ್ಟು ಅಳಿಸುವುದೂ ಅದೇ ಬೀದಿ ಅನ್ನಿ.

ಏಳು ಮಕ್ಕಳಿಗೆ ಮೂವರು ದೊಡ್ಡವರನ್ನು ಕೊಡಿ ಅಂತ ನಮ್ಮ ಸರ್ಕಾರವನ್ನು ಕೇಳಿದರೆ ನಗುತ್ತಾರೆ. ನಾನು ಹಾಗೆ ಕೇಳುವುದೂ ಇಲ್ಲ. ಆದರೆ ಮಗುವಿನ ವೇಗಕ್ಕೆ ಪಾಠ ಅನ್ನುವುದು ನಮಗೆ ಹೊಸದೂ ಅಲ್ಲ. ನಲಿ-ಕಲಿ ನೆನಪಿದೆಯಾ? 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿದ್ದು, ಆಮೇಲೆ ರಾಜ್ಯಕ್ಕೆಲ್ಲ ಬಂತು. ಗೋಡೆಯ ಮೇಲೆ ಕಲಿಕೆಯ ಏಣಿ, ಕೈಯಲ್ಲಿ ಕಾರ್ಡು. ಟೀಚರ್ ನೆರವಿನ ಗುಂಪು, ಗೆಳೆಯರ ನೆರವಿನ ಗುಂಪು, ತಾನೇ ಕಲಿಯುವ ಗುಂಪು. ಸುಗ್ಗಿಯಲ್ಲಿ ಹದಿನೈದು ದಿನ ತಪ್ಪಿಸಿಕೊಂಡ ಮಗು ಬಂದು ತಾನು ನಿಂತ ಮೆಟ್ಟಿಲಿನಿಂದಲೇ ಹತ್ತಬಹುದಿತ್ತು. ತರಬೇತಿಗೆ ಹೋದಾಗ ನಾವು ಗೊಣಗಿದ್ದು ನಿಜ, ಕಾರ್ಡು ಹೊಂದಿಸುವುದರಲ್ಲೇ ಸಂಜೆಯಾಗುತ್ತಿತ್ತು. ಬಾಸ್ಟನ್ನಿನಲ್ಲಿ ಏಳು ಹಾಳೆ ನೋಡಿದಾಗ ನನಗೆ ನೆನಪಾಗಿದ್ದು ಆ ಕಾರ್ಡುಗಳೇ. ಮೂರನೇ ಕ್ಲಾಸು ಮುಗಿದ ಕೂಡಲೇ ಏಣಿ ತೆಗೆದು ಎಲ್ಲರ ಕೈಗೂ ಒಂದೇ ಪುಸ್ತಕ ಕೊಡುತ್ತಿದ್ದೆವು, ಅಲ್ಲಿಂದ 'ಗಮನವಿಲ್ಲ' ಶುರು. ಮನಸ್ಸಿನ ಹಳದಿ, ಕೆಂಪು ಕೇಳುವವರು ನಲಿ-ಕಲಿಯಲ್ಲೂ ಇರಲಿಲ್ಲ.

ಕಾಗದದಲ್ಲಿ ನಮಗೂ ಬೇಕಾದಷ್ಟಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಪಟ್ಟಿ ಮಾಡಿದೆ, ಆಟಿಸಂ, ಕಲಿಕಾ ನ್ಯೂನತೆ ಎರಡೂ ಅದರಲ್ಲಿವೆ. ಸಾಮಾನ್ಯ ಶಾಲೆಗಳಲ್ಲೂ ಕಾಯಂ ವಿಶೇಷ ಶಿಕ್ಷಕರು ಇರಬೇಕು ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. 2022ರ ಕೇಂದ್ರದ ಅಧಿಸೂಚನೆ ಪ್ರಕಾರ ಕಿರಿಯ ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಹಿರಿಯ ಪ್ರಾಥಮಿಕದಲ್ಲಿ 15 ಮಕ್ಕಳಿಗೆ ಒಬ್ಬರು. ನಮ್ಮಲ್ಲಿ ಬಿಐಇಆರ್‌ಟಿ ಅನ್ನುವ, ಶಾಲೆಯಿಂದ ಶಾಲೆಗೆ ಹೋಗಿ ಇಂಥ ಮಕ್ಕಳಿಗೆ ನೆರವಾಗುವ ಸಂಪನ್ಮೂಲ ಶಿಕ್ಷಕರಿದ್ದಾರೆ, ಪಾಪ, ನಾನು ಬಲ್ಲವರೊಬ್ಬರು ಸ್ಕೂಟರ್‌ನಲ್ಲಿ ಊರೂರು ಸುತ್ತಿ ಹೈರಾಣಾಗಿದ್ದಾರೆ. ಅವರು ಒಂದು ಶಾಲೆಗೆ ಮತ್ತೆ ಬರುವ ಹೊತ್ತಿಗೆ ಮಗು ಮುಂದಿನ ಪಾಠಕ್ಕೆ ಹೋಗಿರುತ್ತದೆ, ಇಲ್ಲವೇ ಶಾಲೆಯನ್ನೇ ಬಿಟ್ಟಿರುತ್ತದೆ.

ಆ ಹುದ್ದೆಗಳೆಲ್ಲ ತುಂಬುವ ತನಕ ಟೀಚರುಗಳು ಒಂದು ಕೆಲಸ ಮಾಡಬಹುದು, ಅದಕ್ಕೆ ದುಡ್ಡು ಬೇಡ. 'ಗಮನವಿಲ್ಲ' ಅಂತ ಬರೆಯುವ ಕಡೆ ಕಂಡಿದ್ದನ್ನು ಬರೆಯಿರಿ. ಎಷ್ಟು ನಿಮಿಷ, ಯಾವಾಗ, ಮುಂಚೆ ಏನಾಗಿತ್ತು. ಎಲ್ಲ ಮಕ್ಕಳಿಗೂ ಅಲ್ಲ, ನಿಮ್ಮ ತಲೆ ಕೆಡಿಸುವ ಆ ಒಬ್ಬನಿಗೆ. ಮೊದಲೇ ಜನಗಣತಿ, ಚುನಾವಣೆ, ಮೊಟ್ಟೆ ಲೆಕ್ಕ ಅಂತ ಟೀಚರಿಗೆ ಬರೆದು ಬರೆದು ಕೈ ಸೋತಿರುತ್ತದೆ ಅಂತ ನನಗೂ ಗೊತ್ತು. ಇಲಾಖೆ ಇದಕ್ಕೂ ಒಂದು ನಮೂನೆ ಮಾಡಿ ಆನ್‌ಲೈನ್‌ನಲ್ಲಿ ತುಂಬಿಸಿ ಅಂತ ಸುತ್ತೋಲೆ ಕಳಿಸಿದರೆ ಅಲ್ಲಿಗೆ ಅದರ ಕಥೆ ಮುಗಿದಂತೆ. ಒಂದು ನೋಟ್‌ಬುಕ್ ಸಾಕು.

ಊರಿಗೆ ವಾಪಸ್ ಬಂದ ಮೇಲೆ ಹತ್ತಿರದ ಶಾಲೆಯೊಂದರಲ್ಲಿ ಇದನ್ನು ಮಾಡಿ ನೋಡಿದೆವು. ನಾಲ್ಕನೇ ಕ್ಲಾಸಿನ ಹುಡುಗ, ಗಲಾಟೆ ಮಾಡುತ್ತಾನೆ, ಪಕ್ಕದವರಿಗೆ ಹೊಡೆಯುತ್ತಾನೆ ಅಂತ ದೂರು. ಟೀಚರ್ ನನ್ನ ಹಳೇ ವಿದ್ಯಾರ್ಥಿನಿ, ಹಾಗಾಗಿ ಇಲ್ಲ ಅನ್ನಲಾಗಲಿಲ್ಲ ಅವಳಿಗೆ. ಎರಡು ವಾರ ಬರೆದಳು. ನೋಡಿದರೆ ಒಂಬತ್ತು ಸಲ ಹೊಡೆದಿದ್ದಾನೆ, ಅದರಲ್ಲಿ ಏಳು ಸಲ ಬಿಸಿಯೂಟಕ್ಕೆ ಸ್ವಲ್ಪ ಮೊದಲು, ಮಕ್ಕಳೆಲ್ಲ ಸ್ಟೀಲ್ ತಟ್ಟೆ ಬಡಿಯುತ್ತಾ ಸಾಲು ನಿಲ್ಲುವ ಹೊತ್ತಿಗೆ. ಈಗ ಅವನನ್ನು ಐದು ನಿಮಿಷ ಮೊದಲೇ ಕೈ ತೊಳೆಯಲು ಕಳಿಸಿ, ಅಡುಗೆಯವರ ಹತ್ತಿರ ಲೋಟ ಜೋಡಿಸಲು ಬಿಡುತ್ತಾಳೆ. ಹೊಡೆಯುವುದು ಪೂರ್ತಿ ನಿಂತಿಲ್ಲ, ತುಂಬಾ ಕಮ್ಮಿಯಾಗಿದೆ. ಓದು ಮಾತ್ರ ಇನ್ನೂ ಹತ್ತಿಲ್ಲ, ಒತ್ತಕ್ಷರ ಬಂದರೆ ನಿಂತುಬಿಡುತ್ತಾನೆ.

ಅದಕ್ಕೆ ಸರಿಯಾದ ಪರೀಕ್ಷೆ ಆಗಬೇಕು. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ ಅಂತ ಅವನ ತಾಯಿಗೆ ಹೇಳಿದ್ದೇವೆ. 1965ರಿಂದ ಇರುವ ಸಂಸ್ಥೆ, ನಮ್ಮ ಜಿಲ್ಲೆಯಿಂದ ಹೋಗಿಬರಲು ಒಂದು ದಿನ ಪೂರ್ತಿ ಬೇಕು, ಒಂದೇ ಸಲಕ್ಕೆ ಮುಗಿಯುವುದೂ ಇಲ್ಲ. ಶಕ್ತಿ ಯೋಜನೆ ಇರುವುದರಿಂದ ಆಕೆಗೆ ಬಸ್ಸು ಫ್ರೀ, ಹುಡುಗನಿಗೆ ಅರ್ಧ ಟಿಕೆಟ್. ಅಷ್ಟು ದಿನದ ಕೂಲಿ ಯಾರು ಕೊಡ್ತಾರಕ್ಕ ಅಂತ ಆಕೆ ಕೇಳಿದಳು. ನನಗೆ ಹೇಳಲು ಏನೂ ತೋಚಲಿಲ್ಲ. ಶಿಕ್ಷಣ ಇಲಾಖೆಯಲ್ಲಿ ಯಾರಾದರೂ ಈ ಪುಟ ಓದುತ್ತಿದ್ದರೆ, ಉತ್ತರವನ್ನು ಇದೇ ಪುಟದಲ್ಲಿ ಬರೆಯಲಿ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ, ತಿಪಟೂರು